ಕೈ ತೊಳೆಯುವ ಜಾಗದ ಬಲ್ಬು

ಬಲ್ಬು ಕೊಳ್ಳಲು ಬಂದವರನ್ನು ಅವರು ಎಷ್ಟು ವ್ಯಾಟಿನದು ಬೇಕು ಅಂತ ಕೇಳುತ್ತಿರಲಿಲ್ಲ. "ಯಾರ ಮುಖ ನೋಡೋಕೆ?" ಅಂತ ಕೇಳುತ್ತಿದ್ದರು. ಹೊಸಬರು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗುತ್ತಿದ್ದರು. ಕುಶಾಲನಗರದಲ್ಲಿ ಅವರ ಎಲೆಕ್ಟ್ರಿಕಲ್ ಅಂಗಡಿಗೂ ನನ್ನ ಫೋಟೊ ಸ್ಟುಡಿಯೋಗೂ ನಡುವೆ ಇದ್ದದ್ದು ಒಂದೇ ಗೋಡೆ, ಮುಂದುಗಡೆ ಇಬ್ಬರಿಗೂ ಒಂದೇ ಜಗಲಿ. "ಹೇಳಿಬಿಡಿ, ಹೇಳದೆ ಬಿಡೋರಲ್ಲ ಅವ್ರು" ಅನ್ನುತ್ತಿದ್ದೆ ನಾನು. ಬಚ್ಚಲಿಗೆ ಅಂದರೆ ಒಂದು ಬಲ್ಬು, ದೇವರ ಕೋಣೆಗೆ ಇನ್ನೊಂದು, ಹಾಸಿಗೆ ಹಿಡಿದ ಅಜ್ಜಿಯ ಕೋಣೆಗೆ ಮತ್ತೊಂದು. ಗಿರಾಕಿಯ ಕೈ ಹಿಡಿದು ಬೆಳಕಿನ ಕೆಳಗೆ ತಂದು, "ನೋಡಿ, ಇದ್ರಲ್ಲಿ ರಕ್ತ ಇರೋ ಕೈ ಕಾಣ್ತದೆ. ಆ ಬಿಳೀದ್ರಲ್ಲಿ ನಮ್ಮೋರೇ ನಮಗೆ ಹೆಣದಂಗೆ ಕಾಣ್ತಾರೆ" ಅನ್ನುತ್ತಿದ್ದರು. ಯಾವ ಬಲ್ಬು ತೆಗೆದುಕೊಂಡರೂ ಅವರಿಗೆ ಬರುವ ಲಾಭ ಅಷ್ಟೇ. ಆದರೂ ಆ ಉಪದೇಶ ತಪ್ಪುತ್ತಿರಲಿಲ್ಲ.

ಊರಿಗೆಲ್ಲ ಅವರು ಯಜಮಾನ್ರು. ನನಗೂ ಅಷ್ಟೇ; ಹೆಸರು ಇಲ್ಲಿ ಬೇಡ. ಶನಿವಾರಸಂತೆ ಕಡೆಯ ಲಿಂಗಾಯತರ ಮನೆತನ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮಾತಿನಲ್ಲಿ ಹಾಸನದ ರಾಗ. ನನ್ನನ್ನು "ಏನಯ್ಯ" ಅಂತ ಮಾತ್ರ ಕರೆಯುತ್ತಿದ್ದರು, ನನಗೂ ಮೊಮ್ಮಗು ಆದಮೇಲೂ.

ಅವರ ಇನ್ನೊಂದು ಗುರುತು ತುಂಬುತೋಳಿನ ಅಂಗಿ. ಶಿವರಾತ್ರಿ ಕಳೆದ ಮೇಲಿನ ಬಿಸಿಲಲ್ಲಿ ನಾವೆಲ್ಲ ಬನಿಯನ್ನಿನಲ್ಲಿ ಜಗಲಿಗೆ ಬಂದು ಕೂತರೂ ಅವರ ಮಣಿಕಟ್ಟಿನ ಗುಂಡಿ ಬಿಚ್ಚಿದ್ದನ್ನು ಕಂಡವರಿಲ್ಲ. ತುಲಾ ಸಂಕ್ರಮಣಕ್ಕೆ ಹೊಳೆಗೆ ಹೋದರೆ ಮೆಟ್ಟಿಲ ಮೇಲೇ ನಿಂತು ತಲೆಗೆ ನೀರು ಚಿಮುಕಿಸಿಕೊಂಡು ವಾಪಸ್ಸು. ಕೈ ತೊಳೆಯುವುದೂ ಹಾಗೇ, ಬೆರಳಷ್ಟು ಮಾತ್ರ ಒದ್ದೆ. "ಏನ್ ಯಜಮಾನ್ರೆ, ತೋಳೊಳಗೆ ನಿಧಿ ಇಟ್ಟಿದ್ದೀರಾ?" ಅಂತ ನಾನು ರೇಗಿಸುತ್ತಿದ್ದೆ. "ಐತೆ ಕಣಯ್ಯ, ನಮ್ಮಪ್ಪ ಬಿಟ್ಟೋಗಿದ್ದು" ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನನ್ನ ಕಸುಬಿನ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಮದುವೆ ಮಾತಿಗೆ ಗಂಡು ಹೆಣ್ಣಿನ ಕಡೆಗೆ ಕಳಿಸುವ ಫೋಟೊ ಅಂದರೆ ಜನ ನನ್ನ ಹತ್ತಿರ ಬಂದು ಕಪ್ಪನ್ನು ಕಡಿಮೆ ಮಾಡಿ, ಮೊಡವೆ ಅಳಿಸಿ, ಗಲ್ಲ ತುಂಬಿಸಿ ಅನ್ನುತ್ತಾರೆ. ನಾನು ಕಂಪ್ಯೂಟರಿನಲ್ಲಿ ಮಾಡಿ ಕೊಡುತ್ತೇನೆ. ಹೊಟ್ಟೆಪಾಡು. ಅವರು ಬಾಗಿಲಲ್ಲಿ ನಿಂತು ನೋಡಿ, "ಫೋಟೊದಲ್ಲಿ ಹೇಳಿದ ಸುಳ್ಳು ಗೋಡೆ ಮೇಲೆ ಉಳ್ಕೊಂಡ್ಬಿಡ್ತದೆ ಕಣಯ್ಯ" ಅಂದು ಹೋಗುತ್ತಿದ್ದರು.

ತಮ್ಮ ಮಗಳ ಫೋಟೊ ತೆಗೆಸಲು ಬಂದಾಗಲೂ ತಿದ್ದಲು ಬಿಡಲಿಲ್ಲ. ಒಬ್ಬಳೇ ಮಗಳು, ಊರಲ್ಲೇ ಕಾಲೇಜಿನಲ್ಲಿ ಲೆಕ್ಚರರು. ಬಾಯಿ ತೆರೆದರೆ ಎದುರಿಗಿದ್ದವರು ನಗಲೇಬೇಕು, ಅಂಥ ಹುಡುಗಿ. ಅವಳು ಪಿಯುಸಿ ಓದುತ್ತಿದ್ದಾಗ ತುಟಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಬಂತು, ಆಮೇಲೆ ರೆಪ್ಪೆಯ ಮೇಲೆ, ಆಮೇಲೆ ಬೆರಳುಗಳಿಗೆ ಹಬ್ಬಿತು. ತೊನ್ನು ಅನ್ನುವ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ ಅಂತ ಮೈಸೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. ಡಾಕ್ಟರು ಹೇಳಿದ್ದು ಇವರಿಗೆ ತಾನೆ, ಊರಿಗಲ್ಲವಲ್ಲ.

ಫೋಟೊ ತೆಗೆಯಲು ಅವರೇ ಒಂದು ಬಲ್ಬು ತಂದಿದ್ದರು. ಹಳದಿ ಅಂದರೆ ಹಳದಿಯಲ್ಲ, ಕಾಯಿಸಿದ ತುಪ್ಪದ ಬಣ್ಣ. ಆ ಬೆಳಕಲ್ಲಿ ತುಟಿಯ ಬಿಳುಪು ಸುತ್ತಲಿನ ಚರ್ಮಕ್ಕೆ ಸೇರಿಕೊಂಡುಬಿಟ್ಟಿತು. "ಇದೂ ಸುಳ್ಳೇ ಅಲ್ವಾ ಯಜಮಾನ್ರೆ?" ಅಂದೆ. ಅವರಿಗೆ ಸಿಟ್ಟು ಬಂತು. "ಅಳಿಸೋದು ಸುಳ್ಳು. ಬೆಳಕು ಆರಿಸ್ಕೊಳ್ಳೋದು ಸುಳ್ಳಲ್ಲ. ಮೊದ್ಲು ಮಗು ಕಾಣ್ಲಿ, ಆಮೇಲೆ ಮಚ್ಚೆ ಕಾಣ್ಲಿ. ಈ ಊರಿನೋರು ತಿರುವುಮುರುವು ನೋಡ್ತಾರೆ." ನಾನು ಕ್ಯಾಮೆರಾ ಎತ್ತಿಕೊಂಡೆ.

ಮೊದಲ ಸಲ ಹೆಣ್ಣು ನೋಡಲು ಬಂದದ್ದು ಮನೆಗೇ, ಹಾಡುಹಗಲಲ್ಲಿ. ತಮ್ಮ ಅಣ್ಣತಮ್ಮಂದಿರು ದೂರದಲ್ಲಿದ್ದಾರೆ, ಗಂಡು ದಿಕ್ಕು ಇರಲಿ ಅಂತ ನನ್ನನ್ನು ಕರೆದಿದ್ದರು. ಶಾಸ್ತ್ರದ ಪ್ರಕಾರ ಹುಡುಗಿಯೇ ತಟ್ಟೆಯಲ್ಲಿ ಕಾಫಿ ತಂದು ಎಲ್ಲರ ಕೈಗೂ ಕೊಟ್ಟಳು. ಬಂದವರು ಲೋಟ ಇಸಿದುಕೊಂಡರು, ಬೆರಳು ನೋಡಿದರು, ಟೀಪಾಯಿಯ ಮೇಲಿಟ್ಟರು. ಯಾರೂ ಕುಡಿಯಲಿಲ್ಲ. ಒಬ್ಬರಿಗೆ ಗ್ಯಾಸ್ಟ್ರಿಕ್ ಅಂತೆ, ಒಬ್ಬರು ಈಗಷ್ಟೇ ಕುಡಿದು ಬಂದರಂತೆ, ಒಬ್ಬರು ವ್ರತವಂತೆ. ಕಾಫಿಯ ಮೇಲೆ ಕೆನೆ ಕಟ್ಟುವವರೆಗೆ ಮಳೆ ಬೆಳೆ ಮಾತಾಡಿ ಎದ್ದು ಹೋದರು. ಯಜಮಾನ್ರ ಹೆಂಡತಿ ಎಲ್ಲವನ್ನೂ ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದು ಬಂದರು. ಎರಡನೆಯ ಸಲವೂ ಹೀಗೇ ಆಯಿತು. ಉಪ್ಪಿಟ್ಟು ಹಾಗೇ ಉಳಿದದ್ದಷ್ಟೇ ವ್ಯತ್ಯಾಸ.

ಅವರ ತಲೆಗೆ ಹೋಟೆಲು ಹೊಕ್ಕಿದ್ದು ಆಗಲೇ. ಈಗೀಗ ಕೆಲವರು ಹೆಣ್ಣು ನೋಡುವುದನ್ನು ಹೋಟೆಲಿನಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಎರಡೂ ಕಡೆಯವರು ಸಂಜೆ ಸೇರಿ ಊಟ ಮಾಡಿ ಹೋಗುವುದು. ಅಲ್ಲಾದರೆ ಬಡಿಸುವವನು ವೇಟರು. ಹುಡುಗಿ ಯಾರ ಕೈಗೂ ಏನೂ ಕೊಡಬೇಕಾಗಿಲ್ಲ. ಹೊತ್ತು ಮುಳುಗಿದ ಮೇಲಿನ ಬೆಳಕನ್ನು ನಾವೇ ಆರಿಸಿಕೊಳ್ಳಬಹುದು.

"ಮುಚ್ಚಿಡೋದಾ?" ಅಂತ ಅವರ ಮನೆ ಬಾಗಿಲಲ್ಲಿ ನಿಂತು ಕೇಳಿದೆ.

"ಮುಚ್ಚಿಡೋನಲ್ಲ ನಾನು. ಫೋನಲ್ಲಿ ಹೇಳಿದ್ರೆ ಬರೋದೇ ಇಲ್ಲ. ಮನೇಲಿ ನೋಡಿದ್ರೆ ಕಾಫಿ ಮುಟ್ಟಲ್ಲ. ಒಂದ್ಸಲ ಅವಳ ಮಾತು ಕೇಳ್ಲಿ, ನಗು ನೋಡ್ಲಿ, ಒಂದೇ ಮೇಜಲ್ಲಿ ಕೂತು ಉಣ್ಲಿ. ಎಲಡಿಕೆ ಹಾಕ್ಕೊಳ್ಳೋ ಹೊತ್ತಿಗೆ ನಾನೇ ಬಾಯಿಬಿಟ್ಟು ಹೇಳ್ತೀನಿ. ಕೂಡಿ ಉಂಡೋನು ಎದ್ದೋಗಕ್ಕೆ ನಾಚ್ಕೋತಾನೆ ಕಣಯ್ಯ."

ಮಗಳು ಒಳಗಿನಿಂದ ಕೂಗಿ ಹೇಳಿದಳು: "ಅಪ್ಪಾಜಿ, ಮಾರನೇ ದಿನ ಬೆಳಗಾಗಲ್ವಾ? ಸೂರ್ಯಂಗೆ ಯಾವ ಬಲ್ಬ್ ಹಾಕ್ತೀರಿ?" ಅವರು ಕೇಳಿಸದವರ ಹಾಗೆ ಚಪ್ಪಲಿ ಮೆಟ್ಟಿಕೊಂಡರು. ಮಗಳಿಗೆ ಇದು ಬೇಕಿರಲಿಲ್ಲ. ಅಪ್ಪನ ಮುಖ ನೋಡಿ ಒಪ್ಪಿದ್ದಳು.

ಆಮೇಲೆ ಶುರುವಾಯಿತು ಹೋಟೆಲು ಹುಡುಕುವ ಕೆಲಸ. ನನ್ನ ಸ್ಕೂಟರಿನ ಹಿಂದೆ ಅವರು. ಕೊಡಗಿಗೆ ಬರುವ ಪ್ರವಾಸಿಗಳ ದೆಸೆಯಿಂದ ನಮ್ಮ ಊರಲ್ಲಿ ಹೋಟೆಲಿಗೇನು ಬರ. ಮೈಸೂರು ರಸ್ತೆಯಲ್ಲಿ ಒಂದು, ಬಾಗಿಲು ತೆಗೆದರೆ ಚಾವಣಿ ತುಂಬ ಬಿಳಿ ಬೆಳಕು, ಕಣ್ಣು ಕುಕ್ಕುವ ಹಾಗೆ. "ಇಲ್ಲಿ ಊಟ ಹಾಕ್ತಾರೋ ಆಪರೇಷನ್ ಮಾಡ್ತಾರೋ" ಅಂತ ಬಾಗಿಲಿನಿಂದಲೇ ತಿರುಗಿದರು. ಹೊಳೆ ದಂಡೆಯಲ್ಲಿ ಇನ್ನೊಂದು. ಬೆಳಕು ನೋಡಿ ಅವರ ಮುಖ ಅರಳಿತು. ಆದರೆ ಪಕ್ಕದಲ್ಲೇ ಬಾರು, ಒಲೆಯಿಂದ ಕೊಡವರ ಹಂದಿಮಾಂಸದ ಪಂದಿಕರಿಯ ಘಮ. "ಬಂಗಾರದಂಥ ಲೈಟು. ನಮ್ಮ ಬೀಗ್ರು ಇಲ್ಲಿ ಕೂತ್ರೆ ಲಿಂಗ ಬಿಚ್ಚಿಟ್ಟೇ ಕೂರ್ಬೇಕು" ಅಂದರು ಸಂಕಟದಿಂದ. ಮತ್ತೊಂದರಲ್ಲಿ ಎಲ್ಲ ಸರಿಯಿತ್ತು, ಆದರೆ ಅವರವರೇ ಬಡಿಸಿಕೊಳ್ಳುವ ಪದ್ಧತಿ. ಒಂದೇ ಸೌಟನ್ನು ಇವರ ಮಗಳು ಹಿಡಿದ ಮೇಲೆ ಅವರೂ ಹಿಡಿಯಬೇಕು. ಅದೂ ಹೋಯಿತು. ಊಟ ಹೇಗಿರುತ್ತದೆ ಅಂತ ಒಂದು ಕಡೆಯೂ ಅವರು ವಿಚಾರಿಸಲಿಲ್ಲ.

ಕೊನೆಗೆ ಸಿಕ್ಕಿದ್ದು ನಮ್ಮ ಬಡಾವಣೆಯಲ್ಲೇ, ಅವರ ಮನೆಯಿಂದ ಎರಡು ಬೀದಿ ಆಚೆ. ಹೊಸದಾಗಿ ತೆರೆದ ಸಸ್ಯಾಹಾರಿ ರೆಸ್ಟೋರೆಂಟು. ಚಹಾ ಬಣ್ಣದ ಗಾಜಿನ ಬಾಗಿಲು, ಬಿಳಿ ಹಚ್ಚಡದ ಹಾಗೆ ಮಡಿಚಿಟ್ಟ ಕರವಸ್ತ್ರ, ಪ್ರತಿ ಮೇಜಿನ ಮೇಲೂ ಬೋರಲು ಬಟ್ಟಲಿನಂಥ ದೀಪ ತೂಗುತ್ತಿತ್ತು. ಯಜಮಾನ್ರು ಒಂದೊಂದು ಕುರ್ಚಿಯಲ್ಲೂ ಕೂತು ನೋಡಿದರು. ನನ್ನನ್ನು ಎದುರಿಗೆ ಕೂರಿಸಿ ನನ್ನ ಮುಖ ನೋಡಿದರು. ಮೂಲೆಯ ಮೇಜು ಗೊತ್ತು ಮಾಡಿದರು. ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಅವರು ಕೈ ತೊಳೆಯುವ ಜಾಗಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು. ಬೇಸಿನ್ನಿನ ಮೇಲೆ ದೊಡ್ಡ ಕನ್ನಡಿ, ಅದರ ಮೇಲೊಂದು ಬಿಳಿ ಬಲ್ಬು.

"ಊಟ ಆದ್ಮೇಲೆ ಎಲ್ಲಾ ಇಲ್ಲಿಗೇ ಬರ್ತಾರಲ್ಲಯ್ಯ" ಅಂದರು. ಆ ದನಿಯಲ್ಲಿದ್ದ ಭಯವನ್ನು ನಾನು ಮರೆಯಲಾರೆ.

ಮ್ಯಾನೇಜರು ಕೇರಳದ ಹುಡುಗ. "ಚೇಟ್ಟಾ, ಬಲ್ಬ್ ಸರಿ ಉಂಟಲ್ಲ, ಎಂತಕ್ಕೆ ಚೇಂಜ್ ಮಾಡುದು?" ಅಂತ ತಲೆ ಕೆರೆದುಕೊಂಡ. ಯಜಮಾನ್ರು ಜೇಬಿನಿಂದ ತಮ್ಮದೇ ಬಲ್ಬು ತೆಗೆದು, ಸ್ಟೂಲು ತರಿಸಿ, ಹತ್ತಿ, ಹಾಕಿದರು. ಕನ್ನಡಿಯಲ್ಲಿ ನಾವಿಬ್ಬರೂ ತುಪ್ಪದ ಬಣ್ಣಕ್ಕೆ ತಿರುಗಿದೆವು. "ಈಗ ನೋಡು, ಮನುಷ್ಯರಂಗೆ ಕಾಣ್ತೀವಿ" ಅಂದರು.

ಬಂದವರು ಕೊಡ್ಲಿಪೇಟೆ ಕಡೆಯವರು. ಹುಡುಗ, ಅವನ ಅಪ್ಪ, ಅಮ್ಮ. ಕಾಫಿ ತೋಟ, ಜೊತೆಗೆ ಶುಂಠಿ ವ್ಯಾಪಾರ, ಹುಡುಗ ಓದಿದವನು. ನಮ್ಮ ಕಡೆಯಿಂದ ಯಜಮಾನ್ರು, ಹೆಂಡತಿ, ಮಗಳು, ನಾನು. ನಾನು ಇಂಥ ಊಟಗಳಲ್ಲಿ ಮಾತು ಬಿದ್ದುಹೋಗದ ಹಾಗೆ ಎತ್ತಿಹಿಡಿಯುವವನು. ಆವತ್ತು ನನಗೆ ಕೆಲಸವೇ ಇರಲಿಲ್ಲ. ಹುಡುಗಿಯೇ ಮಾತಾಡಿದಳು. ಕಾಲೇಜಿನಲ್ಲಿ ಹುಡುಗರು ಬರೆಯುವ ಉತ್ತರಗಳನ್ನು ಹೇಳಿ ಎಲ್ಲರನ್ನೂ ನಗಿಸಿದಳು. ಹುಡುಗ ತಟ್ಟೆ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವನ ಅಮ್ಮನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಯಜಮಾನ್ರು ರೊಟ್ಟಿ ಮುರಿಯುತ್ತ ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಇನ್ನೇನು ಮಜ್ಜಿಗೆ ಅನ್ನ, ಆಮೇಲೆ ಎಲಡಿಕೆ.

ಎಲ್ಲವನ್ನೂ ಯೋಚಿಸಿದ್ದ ಅವರು ಒಂದನ್ನು ಯೋಚಿಸಿರಲಿಲ್ಲ. ಬಂದವರಿಗೆ ಮಗಳು ಇಷ್ಟವಾಗಿಬಿಟ್ಟರೆ? ಇಷ್ಟವಾದ ಹೆಣ್ಣಿನ ಕೈಯಿಂದ ನಮ್ಮ ಹೆಂಗಸರು ಏನು ಕೇಳುತ್ತಾರೆ?

ಹುಡುಗನ ಅಮ್ಮ ವೇಟರನ್ನು ಕೈಸನ್ನೆಯಲ್ಲಿ ತಡೆದರು. "ನೀನಿರಪ್ಪ. ನಮ್ಮ ಹುಡ್ಗಿ ಕೈಯಲ್ಲಿ ಬಡಿಸ್ಕೋತೀನಿ. ಮಗಾ, ಒಂದ್ ಸೌಟು ಅನ್ನ ಹಾಕವ್ವ."

ನಮ್ಮ ಹುಡುಗಿ ಅಂದರು. ಅಷ್ಟು ಪ್ರೀತಿಯಿಂದ ಅಂದರು. ಯಜಮಾನ್ರು "ವೇಟರ್ ಹಾಕ್ತಾನೆ ಬಿಡಿ, ವೇಟರ್ ಹಾಕ್ತಾನೆ" ಅಂತ ಅರ್ಧ ಎದ್ದರು. ಅಷ್ಟರಲ್ಲಿ ಮಗಳು ಸೌಟು ತೆಗೆದುಕೊಂಡಿದ್ದಳು. ಅಪ್ಪನ ಕಡೆ ಒಮ್ಮೆ ನೋಡಿ ಕೈ ಚಾಚಿದಳು. ತೂಗುದೀಪದ ನೇರ ಕೆಳಗೆ, ಗೇಣು ದೂರದಲ್ಲಿ, ಆ ಐದು ಬೆರಳು.

ದೂರದಿಂದ ತುಪ್ಪವಾಗುವ ಬೆಳಕು ಹತ್ತಿರದಲ್ಲಿ ಬರೀ ಬೆಳಕು. ಆಯಮ್ಮ ಬೆರಳು ನೋಡಿದರು, ಆಮೇಲೆ ತಲೆಯೆತ್ತಿ ತುಟಿ ನೋಡಿದರು. ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಸಾಕು. ನಂಗೆ ಸಾಕಾಯ್ತು."

ಸೌಟಿನಲ್ಲಿದ್ದ ಅನ್ನ ಮೇಜಿನ ಮೇಲೆ ಬಿತ್ತು. ಆಗ ಯಜಮಾನ್ರು ಬಲಗೈಯ ಮಣಿಕಟ್ಟಿನ ಗುಂಡಿ ಬಿಚ್ಚಿದರು. ಎಂಜಲು ಕೈಯಲ್ಲಿ ಎಡಗೈಯದು ಬಿಚ್ಚಲು ಹೊತ್ತು ಹಿಡಿಯಿತು. ಎರಡೂ ತೋಳನ್ನು ಮೊಣಕೈವರೆಗೆ ಮಡಚಿ ಮೇಜಿನ ಮೇಲಿಟ್ಟರು. ಮಣಿಕಟ್ಟಿನಿಂದ ಮೇಲೆ ಬೆಳ್ಳಗೆ, ನಡುನಡುವೆ ಮಾತ್ರ ಅವರ ಮೈಬಣ್ಣದ ತೇಪೆಗಳು. ಇಷ್ಟು ವರ್ಷ ಪಕ್ಕದಲ್ಲಿದ್ದ ನಾನು ಕಂಡದ್ದು ಅದೇ ಮೊದಲು.

"ಇದು ಅವಳ್ದಲ್ಲ, ನನ್ದು" ಅಂದರು. "ನಮ್ಮಪ್ಪ ನಂಗೆ ಹೆಣ್ಣು ನೋಡಕ್ಕೆ ಸಂಜೆ ಹೊತ್ನಲ್ಲೇ ಕರ್ಕೊಂಡೋಗಿದ್ದ, ತುಂಬುತೋಳು ತೊಡಿಸಿ. ನಮ್ಮ ಮನೆಯೋಳು ಅಂದಿನಿಂದ ನನ್ನ ಜೊತೆ ಉಂಡವ್ಳೆ, ಅವಳ ಕೈ ನೋಡಿ. ಒಂದು ಚುಕ್ಕೆ ಐತಾ? ಅಂಟೋದಲ್ಲ ತಾಯಿ ಇದು. ಊಟ ಆದ್ಮೇಲೆ ಹೇಳೋಣ ಅಂತಿದ್ದೆ. ನನ್ನಾಣೆಗೂ ಹೇಳ್ತಿದ್ದೆ."

ಹುಡುಗನ ಅಪ್ಪ ಒಳ್ಳೆಯ ಮಾತಿನಲ್ಲೇ ಹೇಳಿದರು, ಅದೇ ಹೊಟ್ಟೆ ಉರಿಸಿದ್ದು: "ಹುಡುಗಿಗೆ ಒಂದು ಮಚ್ಚೆ ಅಂದ್ರೆ ಯೋಚ್ನೆ ಮಾಡ್ಬಹುದಿತ್ತು ಯಜಮಾನ್ರೆ. ವಂಶದಲ್ಲೇ ಅಂದ್ಮೇಲೆ ನಾವೇನ್ ಹೇಳೋಣ." ಮಗಳನ್ನು ಉಳಿಸಲು ಬಿಚ್ಚಿದ ತೋಳೇ ಅವಳಿಗೆ ಮುಳುವಾಯಿತು. ಹುಡುಗ ಅವಳತ್ತ ನೋಡಿ ಏನೋ ಹೇಳಲು ಬಾಯಿ ತೆರೆದ. ಅಮ್ಮ ಎದ್ದರು, ಅವನೂ ಎದ್ದ. ಥೂ.

ಮೂವರೂ ಕೈ ತೊಳೆಯಲು ಹೋದರು. ನಮ್ಮ ಮೇಜಿನಿಂದ ಬೇಸಿನ್ನು ಕಾಣುತ್ತಿತ್ತು. ಆಯಮ್ಮ ಸೋಪು ಹಚ್ಚಿ ತೊಳೆದರು, ಮತ್ತೆ ಸೋಪು ಹಚ್ಚಿದರು, ಉಗುರುಸಂದಿ ಉಜ್ಜಿದರು, ಹುಡುಗಿ ಎಲ್ಲಿಯೂ ಮುಟ್ಟಿರದ ಆ ಕೈಯನ್ನು ಮತ್ತೆ ತೊಳೆದರು. ಯಜಮಾನ್ರು ಹಾಕಿದ ಬಲ್ಬಿನ ಕೆಳಗೆ ಕನ್ನಡಿಯಲ್ಲಿ ಅವರ ಮುಖ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂತೀರಿ.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಕೆಂಡವಾದಳು. "ಅವರ ಮನೆ ಹಾಳಾಗ! ಅಂಥ ಬಂಗಾರದಂಥ ಹುಡ್ಗಿ ಕೈಯಲ್ಲಿ ತಿನ್ನೋಕೆ ಪುಣ್ಯ ಬೇಕು" ಅಂದಳು. ಅವಳಿಗೆ ಆವತ್ತು ಅನ್ನ ಸೇರಲಿಲ್ಲ. ಮಾರನೆಯ ದಿನ ಅವರ ಮನೆಗೆ ಹೋಗಿ ಆ ತಾಯಿಯ ಜೊತೆ ಕೂತು ಅತ್ತು ಬಂದಳು.

ಊರಿಗೆ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಜಮಾನ್ರು ಅರ್ಧತೋಳಿಗೆ ಬಂದರು. "ಇನ್ನೇನ್ ಮುಚ್ಚಿಡೋದು ಬಿಡಯ್ಯ" ಅಂದರು. ಬಲ್ಬನ್ನು ಕೈಗೆ ಕೊಡಲು ಹೋದರೆ "ಅಲ್ಲೇ ಇಡಿ, ತಗೋತೀನಿ" ಅನ್ನುವ ಗಿರಾಕಿಗಳು ಹುಟ್ಟಿಕೊಂಡರು. ಕೈ ಹಿಡಿದು ಬೆಳಕು ತೋರಿಸುವುದನ್ನು ಅವರು ತಾವಾಗಿಯೇ ನಿಲ್ಲಿಸಿದರು. ಒಂದು ದಿನ ಗೋಡೆಯಾಚೆಯಿಂದ "ಎಷ್ಟು ವ್ಯಾಟಿಂದು ಬೇಕು?" ಅನ್ನುವುದು ಕೇಳಿಸಿತು. ಬೇರೆ ಯಾರೋ ಅಂದುಕೊಂಡು ಎದ್ದು ನೋಡಿದೆ. ಅವರೇ. ನನಗೆ ಅಳು ಬಂತು, ಮುಚ್ಚುಮರೆ ಯಾಕೆ.

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೋದರು. ಮಧ್ಯಾಹ್ನ ಅಂಗಡಿಯ ಕುರ್ಚಿಯಲ್ಲಿ ಕೂತ ಹಾಗೇ, ಎದೆ ನಿಂತು. ಕಾಫಿಗೆ ಕರೆಯಲು ಹೋದವನು ನಾನೇ. ಅವರಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡುವುದು. ಅಲಂಕಾರ ಮಾಡುವಾಗ ನೆಂಟರಲ್ಲಿ ಯಾರೋ ತುಂಬುತೋಳಿನ ಅಂಗಿ ತಂದರು. "ಬೇಡ" ಅಂದಳು ಮಗಳು. ಅರ್ಧತೋಳಿನಲ್ಲೇ ಕೂರಿಸಿ ಹಣೆಗೂ ತೋಳಿಗೂ ವಿಭೂತಿ ಬಳಿದರು. ಬಳಿದ ಮೇಲೆ ಯಾವುದು ಚರ್ಮ ಯಾವುದು ವಿಭೂತಿ ಅಂತ ಯಾರಿಗೂ ತಿಳಿಯಲಿಲ್ಲ.

ಹನ್ನೊಂದನೆಯ ದಿನದ ಊಟ ಮನೆಯ ಮುಂದೆಯೇ, ಶಾಮಿಯಾನದ ಕೆಳಗೆ. ಮೋಡ ಕವಿದು ಹಗಲೇ ಕತ್ತಲಾಗಿತ್ತು. ಮಗಳು ಅಂಗಡಿಯ ಬಾಗಿಲು ತೆಗೆದು ಇದ್ದ ಬದ್ದ ಟ್ಯೂಬ್‌ಲೈಟುಗಳನ್ನೆಲ್ಲ ತಂದು ಕಂಬಕಂಬಕ್ಕೆ ಕಟ್ಟಿಸಿದ್ದಳು. ಒಂದೂ ಹಳದಿಯಲ್ಲ, ಎಲ್ಲ ಬಿಳಿ. ಆ ಬೆಳಕಲ್ಲಿ ಪಂಕ್ತಿಯಲ್ಲಿ ಕೂತವರ ಮುಖದ ಸುಕ್ಕು, ಕಲೆ, ಎಣ್ಣೆಜಿಡ್ಡು ಎಲ್ಲ ಕಾಣುತ್ತಿತ್ತು. ಪಾಯಸದ ಪಾತ್ರೆ ಎತ್ತಿಕೊಂಡು ಅವಳೇ ಬಡಿಸಲು ಬಂದಳು. ತಡೆಯಲು ಅಪ್ಪನಿರಲಿಲ್ಲ.

ಮೊದಲ ಎಲೆಯವರು ಅಂಗೈ ಅಡ್ಡ ಹಿಡಿದು "ಸಾಕಮ್ಮ" ಅಂದರು. ಪಕ್ಕದವರಿಗೆ ಶುಗರು. ಅದರಾಚೆಯವರು ಪಾಯಸವನ್ನೇ ತಿನ್ನುವುದಿಲ್ಲವಂತೆ. ಅವಳು ಒಬ್ಬರನ್ನೂ ಬಿಡದೆ, ಪ್ರತಿ ಎಲೆಯ ಮುಂದೆ ಬಗ್ಗಿ "ಬಡಿಸ್ಲಾ?" ಅಂತ ಕೇಳುತ್ತ ಬಂದಳು. ನನ್ನ ಮುಂದೆ ಬಂದಾಗ ಎಲೆಯನ್ನೇ ಮುಂದಕ್ಕೆ ತಳ್ಳಿದೆ. "ತುಂಬ ಹಾಕು ಮಗಾ" ಅಂದೆ. ಹಾಕಿದಳು.

ನನ್ನ ಪಕ್ಕದ ಎಲೆ ನನ್ನ ಹೆಂಡತಿಯದು. ಅವಳು ಕೈ ಅಡ್ಡ ಇಡಲಿಲ್ಲ. "ಹಾಕವ್ವ, ನಿನ್ ಕೈಯಾರೆ ಹಾಕು" ಅಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿ ಸುರಿದುಕೊಂಡು ಉಂಡೆ. ಎದ್ದು ಕೈ ತೊಳೆದು ತಿರುಗಿದೆ. ಹೆಂಡತಿಯ ಎಲೆಯಲ್ಲಿ ಅನ್ನವಿರಲಿಲ್ಲ, ಪಲ್ಯವಿರಲಿಲ್ಲ, ಉಪ್ಪು ಕೂಡ ಬಳಿದು ಹೋಗಿತ್ತು. ಪಾಯಸ ಮಾತ್ರ ಹಾಕಿದ ಹಾಗೇ ಇತ್ತು, ಅದರ ಮೇಲೆ ಎಲೆಯ ತುದಿ ಮಡಚಿ ಮುಚ್ಚಿದ್ದಳು.

ಎಲೆ ತೆಗೆಯುತ್ತ ಬಂದ ಯಜಮಾನ್ರ ಮಗಳು ಆ ಮಡಿಕೆ ಬಿಚ್ಚಿ ನೋಡಿದಳು. ತಲೆಯೆತ್ತಿದಾಗ ನಾನು ನೋಡುತ್ತಿದ್ದೆ. ಆ ಹಾಳು ಬಿಳಿ ಬೆಳಕಲ್ಲಿ ನನ್ನ ಮುಖವೂ ಅವಳಿಗೆ ಚೆನ್ನಾಗಿಯೇ ಕಂಡಿರಬೇಕು. ಯಜಮಾನ್ರು ಇದ್ದಿದ್ದರೆ ಆ ಟ್ಯೂಬ್‌ಲೈಟನ್ನು ಯಾವಾಗಲೋ ಆರಿಸಿಬಿಡುತ್ತಿದ್ದರು.